ಕಂಬಳದಲ್ಲಿ ಶಾಸಕಾಂಗದ ಮಾತು ನಡೆಯಿತು, ನ್ಯಾಯಾಧೀಶರ ನೇಮಕದಲ್ಲಿ ನಡೆಯಲಿಲ್ಲ: ಕೊನೆಯ ಮಾತು ಯಾರದು?

ಪ್ರಶ್ನೆ: ರಾಜ್ಯಶಾಸ್ತ್ರ ಉಪನ್ಯಾಸಕಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಪಾಠ ಮುಗಿದ ಮೇಲೆ, ಓಟದ ಕೋಣ ಸಾಕುವ ಮನೆಯಿಂದ ಬರುವ ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಕೇಳಿದ. ಪಠ್ಯಪುಸ್ತಕದ ಆಧಾರದಲ್ಲಿ ಅದಕ್ಕೆ ಉತ್ತರಿಸಲು ಸಾಧ್ಯವಿಲ್ಲವೆಂದು ನನಗೆ ಅನ್ನಿಸಿದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. ಅದೇ ತೀರ್ಪಿನ ನೆರಳಿನಲ್ಲಿ 2016ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತಿತು. ಮುಂದಿನ ವರ್ಷವೇ ವಿಧಾನಮಂಡಲ ಕಾನೂನನ್ನು ತಿದ್ದಿತು, ರಾಷ್ಟ್ರಪತಿಗಳ ಒಪ್ಪಿಗೆಯೂ ದೊರೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಾಗಾದರೆ ನ್ಯಾಯಾಲಯ ಕೂಡದೆಂದದ್ದನ್ನು ಜನಪ್ರತಿನಿಧಿಗಳು ಕೂಡಿಸಬಹುದು ಎಂದಾಯಿತು. ಆದರೆ ನ್ಯಾಯಾಧೀಶರ ನೇಮಕಕ್ಕೆ ರಾಷ್ಟ್ರೀಯ ಆಯೋಗವನ್ನು ರಚಿಸಿದ 99ನೇ ಸಂವಿಧಾನ ತಿದ್ದುಪಡಿ 2014ರಲ್ಲಿ ಲೋಕಸಭೆಯಲ್ಲಿ ಒಂದೂ ವಿರೋಧ ಮತವಿಲ್ಲದೆ ಅಂಗೀಕಾರವಾಗಿತ್ತು. ಹದಿನಾರು ರಾಜ್ಯಗಳ ವಿಧಾನಮಂಡಲಗಳು ಅದಕ್ಕೆ ಅನುಮೋದನೆ ನೀಡಿದ್ದವು. ಅಷ್ಟಾದರೂ 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ರಾಜ್ಯವೊಂದರ ಸಾಮಾನ್ಯ ಕಾಯ್ದೆ ಉಳಿದು, ಇಡೀ ದೇಶದ ಸಂಸತ್ತು ಒಮ್ಮತದಿಂದ ಮಾಡಿದ ಸಂವಿಧಾನ ತಿದ್ದುಪಡಿ ಬಿದ್ದುಹೋಗುವುದು ಹೇಗೆ ಎಂಬುದು ಅವನ ಪ್ರಶ್ನೆ.

ಬ್ರಿಟನ್ನಿನ ಸಂಸತ್ತಿನ ಪರಮಾಧಿಕಾರಕ್ಕೂ ಅಮೆರಿಕದ ನ್ಯಾಯಾಂಗದ ಪರಮಾಧಿಕಾರಕ್ಕೂ ನಡುವಿನ ದಾರಿಯನ್ನು ಭಾರತ ಆರಿಸಿಕೊಂಡಿದೆ ಎಂದು ನಾವು ಪ್ರತಿವರ್ಷ ಬರೆಸುತ್ತೇವೆ. ಆ ದಾರಿ ಎಲ್ಲಿ ಹಾದುಹೋಗುತ್ತದೆ ಎಂದು ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ: ವಕೀಲ, ಮಂಗಳೂರು

ಮೇಡಂ, ಈ ಎರಡು ಪ್ರಕರಣಗಳಲ್ಲಿ ನ್ಯಾಯಾಲಯದ ಮುಂದಿದ್ದ ಕಾಗದಗಳೇ ಬೇರೆ. ಪ್ರಾಣಿಗಳ ಓಟದ ಪ್ರಕರಣದಲ್ಲಿ ಅದು ಮುಖ್ಯವಾಗಿ ಓದಿದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು. ನೇಮಕಾತಿ ಆಯೋಗದ ಪ್ರಕರಣದಲ್ಲಿ ಓದಿದ್ದು ಸಂವಿಧಾನವನ್ನೇ. ಕಾಯ್ದೆಯೊಂದರ ಅರ್ಥ ಇದು ಎಂದು ನ್ಯಾಯಾಲಯ ಹೇಳಿದಾಗ, ತಾವು ಉದ್ದೇಶಿಸಿದ್ದು ಅದಲ್ಲವೆಂದು ಅನ್ನಿಸಿದರೆ ಕಾಯ್ದೆಯನ್ನು ತಿದ್ದುವ ಹಕ್ಕು ಶಾಸಕಾಂಗಕ್ಕೆ ಯಾವಾಗಲೂ ಇರುತ್ತದೆ. 2014ರ ತೀರ್ಪಿನಲ್ಲಿ ಸಂವಿಧಾನದ ಮಾತುಗಳೂ ಇದ್ದವು, ಆದರೆ ಅದರ ಬುನಾದಿ ಆ ಕಾಯ್ದೆ. ಪ್ರಾಣಿ ಹಿಂಸೆಯ ತಡೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ ವಿಷಯವಾದ್ದರಿಂದ ಕೇಂದ್ರದ ಕಾಯ್ದೆಗೆ ರಾಜ್ಯ ತನ್ನ ಮಟ್ಟಿಗೆ ತಿದ್ದುಪಡಿ ತರಬಹುದು. ಅದು ಊರ್ಜಿತವಾಗಲು 254ನೇ ವಿಧಿಯಂತೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು. ಕರ್ನಾಟಕ ಮಾಡಿದ್ದು ಇದನ್ನೇ. 2023ರಲ್ಲಿ ಐವರ ಪೀಠ, ಹೊಸ ಕಾನೂನು ಮತ್ತು ನಿಯಮಗಳಿಂದ ಪ್ರಾಣಿಗಳ ನೋವು ಗಣನೀಯವಾಗಿ ತಗ್ಗುತ್ತದೆ ಎಂದು ಒಪ್ಪಿತು. ಇಂಥ ಕ್ರೀಡೆ ಒಂದು ನಾಡಿನ ಸಂಸ್ಕೃತಿಯ ಭಾಗವೇ ಎಂಬುದನ್ನು ನಿರ್ಣಯಿಸಲು ನ್ಯಾಯಾಲಯಕ್ಕಿಂತ ಶಾಸಕಾಂಗ ಹೆಚ್ಚು ಸೂಕ್ತ ಎಂಬ ನಿಲುವನ್ನೂ ತಳೆಯಿತು. ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವ ಹೊಣೆಯನ್ನು ಜಿಲ್ಲಾಡಳಿತಗಳ ಮೇಲೆ ಹೊರಿಸಿತು ಎಂಬ ಭಾಗವನ್ನು ನಮ್ಮೂರಿನಲ್ಲಿ ಸಂಭ್ರಮದ ನಡುವೆ ಹಲವರು ಓದಲಿಲ್ಲ. ಕರೆಗೆ (ಕಂಬಳದ ಓಟದ ಗದ್ದೆಗೆ) ಕೋಣ ಇಳಿಸುವವರು ಅದನ್ನು ಓದಲೇಬೇಕು.

ಹೀಗೆಂದ ಮಾತ್ರಕ್ಕೆ ತೀರ್ಪು ಬಂದ ಮರುದಿನ ಅದು ನಮಗೆ ಅನ್ವಯಿಸುವುದಿಲ್ಲವೆಂದು ಶಾಸಕಾಂಗ ಘೋಷಿಸುವಂತಿಲ್ಲ. ಇದಕ್ಕೆ ಬಲವಾದ ಉದಾಹರಣೆಯೂ ನಮ್ಮ ರಾಜ್ಯದ್ದೇ. ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿದಾಗ, ಒಂದು ತಿಂಗಳೊಳಗೆ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿ ಆ ಆದೇಶವನ್ನು ನಿಷ್ಫಲಗೊಳಿಸಲು ಯತ್ನಿಸಿತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಬಂದ ಅಭಿಪ್ರಾಯದಲ್ಲಿ ಆ ಸುಗ್ರೀವಾಜ್ಞೆ ಅಸಾಂವಿಧಾನಿಕ ಎಂದಾಯಿತು. ರಾಜ್ಯ ತನ್ನದೇ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಿ ಕುಳಿತುಕೊಂಡಿತ್ತು ಎಂಬುದು ಅಲ್ಲಿನ ಮುಖ್ಯ ಕಾರಣ. ಆಗ ರಾಜ್ಯದ ಜನಾಭಿಪ್ರಾಯ ಪೂರ್ಣವಾಗಿ ಸರಕಾರದ ಬೆನ್ನಿಗಿತ್ತು. ಆದರೆ ತೀರ್ಪಿನ ಬುಡದಲ್ಲಿರುವ ಕಾನೂನನ್ನು ಬದಲಿಸುವುದು ಬೇರೆ, ಬುಡವನ್ನು ಮುಟ್ಟದೆ ತೀರ್ಪನ್ನೇ ಅಳಿಸುವುದು ಬೇರೆ. ಎರಡನೆಯದಕ್ಕೆ ಎಷ್ಟೇ ಬಹುಮತವಿದ್ದರೂ ಅಧಿಕಾರ ಹುಟ್ಟುವುದಿಲ್ಲ.

ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ತೋರಿಸುವುದು ಮೂರನೆಯ ಪ್ರಕರಣ, ಅದೂ ಕರ್ನಾಟಕದ್ದೇ. ಬಡ್ತಿಯಲ್ಲಿ ಮೀಸಲಾತಿ ಪಡೆದ ನೌಕರರ ಜ್ಯೇಷ್ಠತೆಯ ಬಗ್ಗೆ ರಾಜ್ಯ 2002ರಲ್ಲಿ ಮಾಡಿದ ಕಾಯ್ದೆಯನ್ನು 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪವಿತ್ರಾ ಪ್ರಕರಣದಲ್ಲಿ ರದ್ದುಗೊಳಿಸಿತು; ಪ್ರಾತಿನಿಧ್ಯದ ಕೊರತೆಯನ್ನು ತೋರಿಸುವ ಅಂಕಿ-ಅಂಶಗಳನ್ನು ಸರಕಾರ ಸಂಗ್ರಹಿಸಿರಲಿಲ್ಲ ಎಂಬುದು ಕಾರಣ. ಸರಕಾರ ರತ್ನಪ್ರಭಾ ಸಮಿತಿಯನ್ನು ನೇಮಿಸಿ, ಅಂಕಿ-ಅಂಶ ತರಿಸಿ, ಹೊಸ ಕಾಯ್ದೆ ಮಾಡಿತು. 2019ರ ಮೇ 10ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಲ್ಲಿ ಸೋತವರು ಹಟ ಹಿಡಿಯಲಿಲ್ಲ, ತೀರ್ಪು ತೋರಿಸಿದ ಲೋಪವನ್ನು ಸರಿಪಡಿಸಿಕೊಂಡು ಬಂದರು.

ಇನ್ನು ನೇಮಕಾತಿ ಆಯೋಗ. ಅಲ್ಲಿ ಸಂಸತ್ತು ಬದಲಿಸಿದ್ದು ಸಂವಿಧಾನದ ಪಠ್ಯವನ್ನೇ ಆದರೂ, 1973ರ ಕೇಶವಾನಂದ ಭಾರತಿ ತೀರ್ಪಿನ ನಂತರ ಸಂವಿಧಾನದ ಮೂಲ ಸಂರಚನೆಗೆ, ಅಂದರೆ ಅದರ ಗುರುತೇ ಆಗಿರುವ ಮೂಲ ಲಕ್ಷಣಗಳಿಗೆ, ಧಕ್ಕೆ ತರುವ ತಿದ್ದುಪಡಿ ಮಾಡಲು ಸಂಸತ್ತಿಗೆ ಅಧಿಕಾರವಿಲ್ಲ. ನ್ಯಾಯಾಂಗದ ಸ್ವಾತಂತ್ರ್ಯ ಆ ಸಂರಚನೆಯ ಭಾಗ. ಆರು ಸದಸ್ಯರ ಆಯೋಗದಲ್ಲಿ ಕಾನೂನು ಸಚಿವರು ಮತ್ತು ಇಬ್ಬರು ‘ಗಣ್ಯ ವ್ಯಕ್ತಿ’ಗಳು ಇರುತ್ತಿದ್ದರು, ಯಾವುದೇ ಇಬ್ಬರು ಸದಸ್ಯರು ವಿರೋಧಿಸಿದರೆ ನೇಮಕ ನಿಲ್ಲುತ್ತಿತ್ತು. ನ್ಯಾಯಾಲಯಗಳ ಮುಂದೆ ಅತಿ ಹೆಚ್ಚು ವ್ಯಾಜ್ಯ ನಡೆಸುವ ಕಕ್ಷಿದಾರ ಸರಕಾರವೇ ಆಗಿರುವಾಗ ಇದು ಸ್ವಾತಂತ್ರ್ಯಕ್ಕೆ ಕುಂದು ಎಂದು ಐವರಲ್ಲಿ ನಾಲ್ವರು ಭಾವಿಸಿದರು. ನ್ಯಾಯಮೂರ್ತಿ ಚಲಮೇಶ್ವರ್ ಒಪ್ಪಲಿಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ಉದ್ಯೋಗಿ, ಕಾರ್ಕಳ

ವಕೀಲರ ವಿವರಣೆ ಸರಿಯಾಗಿದೆ. ಆದರೆ ‘ಮೂಲ ಸಂರಚನೆ’ ಎಂಬುದನ್ನು ಸಿದ್ಧವಾಗಿ ಸಿಕ್ಕ ನಿಯಮದಂತೆ ಮಕ್ಕಳ ಮುಂದಿಡಬಾರದು. ಅದು ಹುಟ್ಟಿದ್ದು ಭೂಮಿಯ ಜಗಳದಿಂದ, ಆ ಜಗಳ ನಮ್ಮ ಜಿಲ್ಲೆಯವರಿಗೆ ಹೊರಗಿನದಲ್ಲ.

1951ರಲ್ಲಿ ಬಿಹಾರದ ಭೂಸುಧಾರಣಾ ಕಾಯ್ದೆಯನ್ನು ಪಟ್ನಾ ಹೈಕೋರ್ಟ್ ಹೊಡೆದುಹಾಕಿದ ಮೇಲೆ ಸಂಸತ್ತು ಮೊದಲನೆಯ ತಿದ್ದುಪಡಿಯಿಂದ ತನ್ನೊಳಗೆ ಸೇರಿಸಿದ ಕಾನೂನುಗಳನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಹೊಡೆದುಹಾಕದಂತೆ ಕಾಯಲೆಂದು ಒಂಬತ್ತನೆಯ ಅನುಸೂಚಿಯನ್ನೇ ಸೃಷ್ಟಿಸಬೇಕಾಯಿತು. 1967ರ ಗೋಲಕನಾಥ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳಲ್ಲಿ ಆರು ಮಂದಿ, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ತಿದ್ದುಪಡಿಯನ್ನೇ ಸಂಸತ್ತು ಮಾಡುವಂತಿಲ್ಲ ಎಂದರು. ಆಗ ಆಸ್ತಿಯೂ ಮೂಲಭೂತ ಹಕ್ಕು. ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಎಷ್ಟು ಮನೆಗಳು ಧಣಿಗಳಿಗೆ ಮುಡಿ (ಅಕ್ಕಿಯ ಮೂಟೆ) ಲೆಕ್ಕದಲ್ಲಿ ಗೇಣಿ ಅಳೆದು, ಉಳಿದದ್ದರಲ್ಲಿ ಮಳೆಗಾಲ ದಾಟಿಸುತ್ತಿದ್ದವು ಎಂದು ಬಲ್ಲವರಿಗೆ ಈ ತೀರ್ಪಿನ ಅರ್ಥ ಬೇರೆಯದೇ ಆಗಿ ಕಾಣುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯಡಿ ಭೂನ್ಯಾಯಮಂಡಳಿಗೆ ಡಿಕ್ಲರೇಶನ್ ಕೊಟ್ಟು ಉಳುವ ಭೂಮಿಯನ್ನು ಪಡೆದ ಒಕ್ಕಲು ಕುಟುಂಬಗಳಲ್ಲಿ ನಮ್ಮದೂ ಒಂದು. ಆದ್ದರಿಂದ ನ್ಯಾಯಾಲಯದ ಪರಮಾಧಿಕಾರ ಯಾವಾಗಲೂ ದುರ್ಬಲರ ಪರ ಎಂದು ಯಾರಾದರೂ ಬರೆದರೆ ನಾನು ಒಪ್ಪಲಾರೆ.

ಅದೇ ಕಾಲದಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿ 1970ರಲ್ಲಿ ಅರ್ಜಿ ಹಾಕಿದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟರು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಇದನ್ನು ಸ್ವಾಮೀಜಿಯವರ ಗೆಲುವು ಎಂದು ನಮ್ಮಲ್ಲಿ ಹೇಳುವುದುಂಟು. ವಾಸ್ತವದಲ್ಲಿ ಕೇರಳದ ಕಾಯ್ದೆಗಳಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿ ಊರ್ಜಿತವಾಯಿತು, ಗೋಲಕನಾಥ್ ತೀರ್ಪು ಬಿದ್ದುಹೋಯಿತು. ಭೂಸುಧಾರಣೆ ನಿಲ್ಲಲಿಲ್ಲ. ಸಂಸತ್ತು ಯಾವುದೇ ಹಕ್ಕನ್ನು ತಿದ್ದಬಹುದು, ಸಂವಿಧಾನದ ಗುರುತೇ ಸಿಗದಂತೆ ಮಾತ್ರ ಮಾಡಬಾರದು ಎಂಬ ನಿಲುವು ಉಳಿಯಿತು. ಒಕ್ಕಲು ಮನೆಯ ಮಗನಾಗಿ ನಾನು ಆ ತೀರ್ಪನ್ನು ಮೆಚ್ಚುವುದು ಈ ಕಾರಣಕ್ಕೆ.

ಆ ಏಳು ಮಂದಿಯಲ್ಲಿ ಒಬ್ಬರು ನಮ್ಮ ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆಯವರು. ತೀರ್ಪಿನ ಮರುದಿನವೇ ಕೇಂದ್ರ ಸರಕಾರ ಜೆ.ಎಂ. ಶೇಲತ್, ಹೆಗ್ಡೆ ಮತ್ತು ಎ.ಎನ್. ಗ್ರೋವರ್ ಈ ಮೂವರು ಹಿರಿಯರನ್ನು ಕಡೆಗಣಿಸಿ, ಅಲ್ಪಮತದಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಮೂರು ವರ್ಷ ಕಳೆದು, 1976ರ ಏಪ್ರಿಲ್ 28ರಂದು ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದವರು ಹೇಬಿಯಸ್ ಕಾರ್ಪಸ್ (ಬಂಧನದ ಸಿಂಧುತ್ವವನ್ನು ನ್ಯಾಯಾಲಯ ಪರಿಶೀಲಿಸಬೇಕೆಂಬ ಅರ್ಜಿ) ಕೋರುವಂತಿಲ್ಲ ಎಂದು ರೇ ಅವರ ನೇತೃತ್ವದ ಪೀಠ ನಾಲ್ಕು-ಒಂದರ ಬಹುಮತದಿಂದ ಹೇಳಿತು. ಒಪ್ಪದ ಒಬ್ಬರಾದ ಎಚ್.ಆರ್. ಖನ್ನಾ ಅವರನ್ನೂ 1977ರ ಜನವರಿಯಲ್ಲಿ ಕಡೆಗಣಿಸಲಾಯಿತು. ನ್ಯಾಯಾಂಗದ ಪರಮಾಧಿಕಾರವನ್ನು ಚರ್ಚಿಸುವಾಗ, ಅದನ್ನು ಬಗ್ಗಿಸಲು ಕಾರ್ಯಾಂಗಕ್ಕೆ ಒಂದು ನೇಮಕಾತಿ ಆದೇಶ ಸಾಕಾಗಿತ್ತು ಎಂಬುದನ್ನು ಮರೆಯಬಾರದು.

ಹೆಗ್ಡೆಯವರ ಬದುಕೇ ಈ ಪಾಠಕ್ಕೆ ಒದಗುವಂಥದ್ದು. 1952ರಿಂದ 1957ರವರೆಗೆ ರಾಜ್ಯಸಭೆಯ ಸದಸ್ಯರು, ಅನಂತರ ಹೈಕೋರ್ಟ್ ನ್ಯಾಯಾಧೀಶರು, 1967ರಿಂದ ಸುಪ್ರೀಂ ಕೋರ್ಟಿನಲ್ಲಿ, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್. ಅವರು ಸ್ಪೀಕರ್ ಆಗಿದ್ದಾಗಲೇ 44ನೇ ತಿದ್ದುಪಡಿಯ ಮೂಲಕ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದಿತು. ಅದೇ ಮಸೂದೆಯಲ್ಲಿ ಮತ್ತೊಂದು ಸೂಚನೆಯೂ ಇತ್ತು: ಸಂವಿಧಾನದ ಮೂಲ ಲಕ್ಷಣಗಳನ್ನು ಬದಲಿಸಬೇಕಾದರೆ ಜನಮತಗಣನೆ ನಡೆಸಬೇಕು. ಲೋಕಸಭೆ ಒಪ್ಪಿತು, ರಾಜ್ಯಸಭೆ ತಳ್ಳಿಹಾಕಿತು. ನ್ಯಾಯಾಲಯವೂ ಅಲ್ಲ, ಸಂಸತ್ತೂ ಅಲ್ಲ, ಕೊನೆಯ ಮಾತು ಮತದಾರರದ್ದು ಎಂಬ ಮೂರನೆಯ ಉತ್ತರವೊಂದು ನಮ್ಮ ಗಣರಾಜ್ಯದ ಮುಂದೆ ಒಮ್ಮೆ ಬಂದಿತ್ತು. ಅದನ್ನು ಯಾವ ಪಠ್ಯಪುಸ್ತಕದಲ್ಲಿಯೂ ನಾನು ಕಂಡಿಲ್ಲ. ಅಂಥ ಜನಮತಗಣನೆಯಲ್ಲಿ ಅಲ್ಪಸಂಖ್ಯಾತರ ಗತಿಯೇನು ಎಂಬ ಭಯ ನನಗೂ ಇದೆ. ಆದರೂ ವಿದ್ಯಾರ್ಥಿಗಳು ಚರ್ಚಿಸಲು ಅದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

ಉತ್ತರ: ಕಾನೂನು ವಿದ್ಯಾರ್ಥಿನಿ, ಮಂಗಳೂರು

ಕಾರ್ಕಳದ ಹಿರಿಯರ ಮಾತನ್ನು ಗೌರವಿಸುತ್ತಲೇ ಇನ್ನೊಂದು ಮಗ್ಗುಲನ್ನು ಹೇಳಬಯಸುತ್ತೇನೆ. 1973 ಮತ್ತು 1977ರ ಗಾಯಗಳನ್ನು ತೋರಿಸಿ ಹಿರಿಯ ನ್ಯಾಯಮೂರ್ತಿಗಳ ಕೂಟವೇ ಹೊಸ ನ್ಯಾಯಾಧೀಶರ ಹೆಸರು ಸೂಚಿಸುವ ಇಂದಿನ ಕೊಲಿಜಿಯಂ ಪದ್ಧತಿಯನ್ನು ಪ್ರಶ್ನಾತೀತವಾಗಿಸುವುದು ಸರಿಯಲ್ಲ. ಸಂವಿಧಾನದ 124ನೇ ವಿಧಿಯ ಮೂಲ ಪಠ್ಯದಲ್ಲಿ ಕೊಲಿಜಿಯಂ ಎಂಬ ಸಂಸ್ಥೆಯೇ ಇಲ್ಲ. ರಾಷ್ಟ್ರಪತಿಗಳು ಮುಖ್ಯ ನ್ಯಾಯಮೂರ್ತಿಯೊಡನೆ, ಅಗತ್ಯವೆನಿಸಿದ ಇತರ ನ್ಯಾಯಾಧೀಶರೊಡನೆ ಸಮಾಲೋಚಿಸಿ ನೇಮಿಸಬೇಕು ಎಂದಷ್ಟೇ ಇದೆ. 1981ರಲ್ಲಿ ಸುಪ್ರೀಂ ಕೋರ್ಟ್, ಆ ಸಲಹೆ ಸರಕಾರವನ್ನು ಕಟ್ಟಿಹಾಕುವುದಿಲ್ಲ ಎಂದಿತ್ತು. 1993ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಕಟ್ಟಿಹಾಕುತ್ತದೆ ಎಂದಿತು. 1998ರಲ್ಲಿ ಐವರು ಹಿರಿಯರ ಕೂಟದ ರೂಪ ಕೊಟ್ಟಿತು. ಪಠ್ಯದ ಒಂದಕ್ಷರವೂ ಬದಲಾಗದೆ ನೇಮಕದ ಅಧಿಕಾರ ಒಂದು ಅಂಗದಿಂದ ಇನ್ನೊಂದಕ್ಕೆ ಹೋಯಿತು. 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಕಡ್ಡಾಯವಾಗಲಿ ಎಂಬ ಸಲಹೆ ಬಂದಾಗ ಡಾ. ಅಂಬೇಡ್ಕರ್ ವಿರೋಧಿಸಿದ್ದರು. ಮುಖ್ಯ ನ್ಯಾಯಮೂರ್ತಿ ಎಷ್ಟೇ ದೊಡ್ಡವರಾದರೂ ಅವರೂ ಮನುಷ್ಯರೇ. ಸರಕಾರಕ್ಕೂ ರಾಷ್ಟ್ರಪತಿಗೂ ಕೊಡಲು ಒಪ್ಪದ ಅಧಿಕಾರವನ್ನು ಅವರೊಬ್ಬರ ಕೈಗೆ ಕೊಡುವುದು ಅಪಾಯಕಾರಿ ಎಂಬುದು ಅಂಬೇಡ್ಕರ್ ಅವರ ವಾದದ ಸಾರ.

ನಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಸಂಗತಿ. ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾಗಿ ಬಂದ ಮೇಲೆ, ‘ಡ್ಯೂ ಪ್ರೋಸೆಸ್’ ಎಂಬ ಅಮೆರಿಕದ ಮಾದರಿಯನ್ನು ಕೈಬಿಡುವ ನಿಲುವನ್ನು ಅವರು ಬಲಪಡಿಸಿದರು. ಚುನಾಯಿತ ಶಾಸಕಾಂಗ ಮಾಡಿದ ಕಾನೂನು ನ್ಯಾಯಸಮ್ಮತವೇ ಎಂದು ಕೆಲವೇ ನ್ಯಾಯಾಧೀಶರು ತೂಗಿ ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ತೊಡಕು ಎಂಬ ಆತಂಕ ಅದರ ಹಿಂದಿತ್ತು. ಹಾಗಾಗಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯಲ್ಲಿ ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬ ಮಾತು ಬಂತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಆ ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ ವ್ಯಾಖ್ಯಾನಿಸಿದಾಗ, ಸಂವಿಧಾನ ರಚಿಸಿದವರು ತಿಳಿದೇ ಹೊರಗಿಟ್ಟದ್ದು ಒಳಗೆ ಬಂತು. ಆ ವ್ಯಾಖ್ಯಾನದಿಂದ ನಾಗರಿಕರಿಗೆ ಆದ ಉಪಕಾರ ದೊಡ್ಡದು. ಖಾಸಗಿತನದ ಹಕ್ಕಿನ 2017ರ ತೀರ್ಪು ನಿಂತಿರುವುದೂ ಅದರ ಮೇಲೆಯೇ. ಫಲಿತಾಂಶ ಹಿತವಾಯಿತೆಂದು ಅಧಿಕಾರದ ಪ್ರಶ್ನೆ ಕರಗಿಹೋಗುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಪ್ರತಿಕ್ರಿಯೆ: ರಾಜ್ಯಶಾಸ್ತ್ರ ಉಪನ್ಯಾಸಕಿ, ಉಡುಪಿ

ಮೂವರಿಗೂ ಕೃತಜ್ಞತೆಗಳು. ಕಾವೇರಿ ಮತ್ತು ಪವಿತ್ರಾ ಪ್ರಕರಣಗಳನ್ನು ಕಂಬಳದ ಜತೆಗಿಟ್ಟು ಹೇಳಿದರೆ ತರಗತಿಗೆ ಸ್ಪಷ್ಟವಾಗುತ್ತದೆ. ಒಂದು ಸಂದೇಹ ಉಳಿದಿದೆ. ರಾಜ್ಯಪಾಲರು ಮಸೂದೆಗಳಿಗೆ ಸಹಿ ಹಾಕದೆ ಇಟ್ಟುಕೊಳ್ಳುವ ವಿಷಯದಲ್ಲಿ 2025ರಲ್ಲಿ ಒಂದೇ ವರ್ಷದೊಳಗೆ ಸುಪ್ರೀಂ ಕೋರ್ಟಿನಿಂದ ಎರಡು ಬೇರೆ ಮಾತುಗಳು ಬಂದವು. ಅಲ್ಲಿ ಮೀರಿದವರು ಯಾರು?

ಉತ್ತರ: ವಕೀಲ, ಮಂಗಳೂರು

ಮೊದಲು ಕಾನೂನು ವಿದ್ಯಾರ್ಥಿನಿಯವರಿಗೆ: ಕೊಲಿಜಿಯಂ ಬಗ್ಗೆ ನಿಮ್ಮ ಟೀಕೆಯನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆಯೋಗವನ್ನು ರದ್ದುಪಡಿಸಿದ ಪೀಠವೇ, ಕೊಲಿಜಿಯಂ ಪದ್ಧತಿಯಲ್ಲಿ ಪಾರದರ್ಶಕತೆ ಸಾಲದೆಂದು ಒಪ್ಪಿ, ನೇಮಕದ ಕಾರ್ಯವಿಧಾನವನ್ನು ಪರಿಷ್ಕರಿಸಲು 2015ರ ಡಿಸೆಂಬರಿನಲ್ಲಿ ಸೂಚಿಸಿತು. ಆದರೆ ಕಾರ್ಯಾಂಗದ ಕೈಯಲ್ಲಿ ಏನೂ ಉಳಿದಿಲ್ಲ ಎಂಬುದು ನಿಜವಲ್ಲ. ಕೊಲಿಜಿಯಂ ಕಳುಹಿಸಿದ ಕೆಲವು ಹೆಸರುಗಳನ್ನು ಸರಕಾರ ತಿರಸ್ಕರಿಸುವುದೂ ಇಲ್ಲ, ನೇಮಿಸುವುದೂ ಇಲ್ಲ. ಕಡತವನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಕಾದು ಬೇಸತ್ತು ಒಪ್ಪಿಗೆ ಹಿಂತೆಗೆದುಕೊಂಡ ವಕೀಲರಿದ್ದಾರೆ. ಲಿಖಿತ ಕಾರಣ ಕೊಟ್ಟು ನಿರಾಕರಿಸಿದರೆ ಅದನ್ನು ಪ್ರಶ್ನಿಸಬಹುದು, ಮೌನವನ್ನು ಪ್ರಶ್ನಿಸುವುದು ಕಷ್ಟ.

ಮೇಡಂ, ರಾಜ್ಯಪಾಲರ ವಿಷಯದಲ್ಲಿ ಹುಟ್ಟಿದ ತೊಡಕೂ ಇದೇ ಬಗೆಯದು. 200ನೇ ವಿಧಿಯ ಪ್ರಕಾರ ಮಸೂದೆ ಬಂದಾಗ ರಾಜ್ಯಪಾಲರು ಒಪ್ಪಬಹುದು, ಒಪ್ಪಿಗೆ ತಡೆಹಿಡಿದು ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಅಥವಾ ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸಬಹುದು. ಏನೂ ಮಾಡದೆ ಕೂರಬಹುದು ಎಂದು ಎಲ್ಲಿಯೂ ಬರೆದಿಲ್ಲ, ಎಷ್ಟು ದಿನದೊಳಗೆ ಮಾಡಬೇಕೆಂದೂ ಬರೆದಿಲ್ಲ. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ, ರಾಜ್ಯಪಾಲರಿಗೂ ರಾಷ್ಟ್ರಪತಿಗಳಿಗೂ ಕಾಲಮಿತಿ ನಿಗದಿಪಡಿಸಿ, ಪೂರ್ಣ ನ್ಯಾಯ ಒದಗಿಸಲು ಬೇಕಾದ ಆದೇಶ ನೀಡುವ ಅಧಿಕಾರ ಕೊಡುವ 142ನೇ ವಿಧಿಯನ್ನು ಬಳಸಿ ಹತ್ತು ಮಸೂದೆಗಳಿಗೆ ಒಪ್ಪಿಗೆ ದೊರೆತಿದೆಯೆಂದು ಭಾವಿಸಬೇಕು ಎಂದಿತು. ರಾಜ್ಯಪಾಲರು ಅಲ್ಲಿ ನಡೆದುಕೊಂಡ ರೀತಿಯನ್ನು ಸಮರ್ಥಿಸುವುದು ಕಷ್ಟ. ಆದರೆ ಸಂವಿಧಾನದಲ್ಲಿ ಇಲ್ಲದ ಕಾಲಮಿತಿಯನ್ನು ಬರೆದು, ಸಹಿ ಹಾಕುವವರ ಬದಲು ತಾನೇ ಒಪ್ಪಿಗೆಯನ್ನು ಕಲ್ಪಿಸಿದ್ದು ಗೆರೆ ದಾಟಿದಂತೆ ಎಂದೇ ನನ್ನ ಭಾವನೆ. ಮೇ ತಿಂಗಳಲ್ಲಿ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೋರಿ 143ನೇ ವಿಧಿಯಡಿ ಹದಿನಾಲ್ಕು ಪ್ರಶ್ನೆಗಳನ್ನು ಕಳುಹಿಸಿದರು. ನವೆಂಬರ್ 20ರಂದು ಐವರ ಪೀಠ ನೀಡಿದ ಅಭಿಪ್ರಾಯದಂತೆ, ನ್ಯಾಯಾಲಯ ಕಾಲಮಿತಿ ಹೇರುವಂತಿಲ್ಲ, ಒಪ್ಪಿಗೆ ದೊರೆತಿದೆಯೆಂದು ಭಾವಿಸುವಂತೆಯೂ ಇಲ್ಲ. ಆದರೆ ವಿವರಣೆಯಿಲ್ಲದೆ ದೀರ್ಘಕಾಲ ಮಸೂದೆಯನ್ನು ಇಟ್ಟುಕೊಂಡರೆ, ಮಸೂದೆಯ ಒಳಿತು-ಕೆಡುಕಿನ ಬಗ್ಗೆ ಏನನ್ನೂ ಹೇಳದೆ, ಸಮಂಜಸ ಅವಧಿಯೊಳಗೆ ಯಾವುದಾದರೂ ಒಂದು ನಿರ್ಧಾರ ಕೈಗೊಳ್ಳಿ ಎಂದು ಸೀಮಿತವಾಗಿ ನಿರ್ದೇಶಿಸಬಹುದು.

ಈ ಎರಡನೆಯ ಮಾತು ಸಂವಿಧಾನದ ಪಠ್ಯಕ್ಕೆ ಹೆಚ್ಚು ಹತ್ತಿರವಾಗಿದೆ. ಆದರೂ ಸಮಂಜಸ ಅವಧಿ ಎಷ್ಟೆಂದು ತಿಳಿಯಲು ಪ್ರತಿ ರಾಜ್ಯವೂ ಪ್ರತಿ ಮಸೂದೆಗೂ ದೆಹಲಿಯ ಕಟಕಟೆ ಹತ್ತಬೇಕಾಗುತ್ತದೆ ಎಂಬ ಕೊರಗು ನನಗಿದೆ. ಆ ಅವಧಿಯನ್ನು ಗೊತ್ತುಪಡಿಸಬೇಕಾದದ್ದು ಸಂಸತ್ತು, 200ನೇ ವಿಧಿಗೆ ತಿದ್ದುಪಡಿ ತರುವ ಮೂಲಕ. ಅಂಥ ತಿದ್ದುಪಡಿ ಮೂಲ ಸಂರಚನೆಗೆ ಧಕ್ಕೆ ತರುತ್ತದೆ ಎಂದು ವಾದಿಸುವವರು ಯಾರೂ ಸಿಗಲಾರರು.

ಇನ್ನೊಂದು ವಿಷಯವನ್ನು ತರಗತಿಯಲ್ಲಿ ತಪ್ಪದೆ ಹೇಳಿ. ಸಂವಿಧಾನದ ವ್ಯಾಖ್ಯಾನಕ್ಕೆ ಸಂಬಂಧಿಸಿದ ಗಣನೀಯ ಕಾನೂನಿನ ಪ್ರಶ್ನೆಯನ್ನು ಕನಿಷ್ಠ ಐವರು ನ್ಯಾಯಮೂರ್ತಿಗಳು ಕೇಳಬೇಕೆಂದು 145ನೇ ವಿಧಿಯ ಮೂರನೆಯ ಖಂಡ ಹೇಳುತ್ತದೆ. ಏಪ್ರಿಲ್‌ನಲ್ಲಿ ಇಬ್ಬರ ಮುಂದೆ ತೀರ್ಮಾನವಾದ ಪ್ರಶ್ನೆ ಮೊದಲೇ ಐವರ ಮುಂದೆ ಹೋಗಿದ್ದರೆ, ಎರಡು ಮಾತು ಬಂದವೆಂದು ನೀವು ಕೇಳುವ ಸಂದರ್ಭವೇ ಬಹುಶಃ ಬರುತ್ತಿರಲಿಲ್ಲ. ಯಾವ ಪ್ರಕರಣ ಎಷ್ಟು ಜನರ, ಯಾರ ಪೀಠಕ್ಕೆ ಹೋಗಬೇಕೆಂದು ಗೊತ್ತುಮಾಡುವವರು ಮುಖ್ಯ ನ್ಯಾಯಮೂರ್ತಿ ಒಬ್ಬರೇ. ಸಂಸತ್ತು ದೊಡ್ಡದೋ ನ್ಯಾಯಾಲಯ ದೊಡ್ಡದೋ ಎಂಬ ಚರ್ಚೆಯಲ್ಲಿ ಈ ಒಳಗಿನ ಅಧಿಕಾರದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.